ಸಿದ್ದಗಂಗಮ್ಮನ ಜಗಲಿ ಆಟ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಸಾಚಾ ಅಂದುಕೊಳ್ಳಬಾರದು. ಸಿದ್ದಗಂಗಮ್ಮನ ಮೇಲೆ ಪೊಲೀಸರಿಗೆ ಅರ್ಜಿ ಬರೆದುಕೊಟ್ಟವಳು ನಾನೇ. ನಾನು ಶ್ರೀಲತಾ, ನಮ್ಮೂರಿನ ಅಂಗನವಾಡಿ ಟೀಚರ್. ಹುಟ್ಟಿದ್ದು ಕೊರಟಗೆರೆಯಲ್ಲಿ, ಮದುವೆಯಾಗಿ ಬಂದದ್ದು ಪಾವಗಡ ತಾಲ್ಲೂಕಿನ ಈ ಊರಿಗೆ. ಸೋಲಾರ್ ಪಾರ್ಕಿನ ವಳ್ಳೂರು ಇಲ್ಲಿಗೆ ಹತ್ತಿರ. ಪಿಂಚಣಿಯ ಕಾಗದವಾಗಲಿ, ಪಡಿತರ ಚೀಟಿಯ ತಿದ್ದುಪಡಿಯಾಗಲಿ, ಊರಿನವರೆಲ್ಲ ನನ್ನ ಬಾಗಿಲಿಗೇ ಬರುತ್ತಾರೆ. ನನ್ನ ಅಕ್ಷರ ದುಂಡಗಿದೆ ಅನ್ನುವ ಒಂದೇ ತಪ್ಪಿಗೆ.

ಸಿದ್ದಗಂಗಮ್ಮ ನನ್ನ ಎದುರು ಮನೆಯವಳು. ನಲವತ್ತಾರು ವರ್ಷ. ಗಂಡ ಮರುಳಸಿದ್ದಯ್ಯ. ಒಬ್ಬಳೇ ಮಗಳನ್ನು ಬುಕ್ಕಾಪಟ್ಟಣಕ್ಕೆ ಕೊಟ್ಟಿದ್ದಾರೆ, ಅಲ್ಲೊಬ್ಬ ಮೂರು ವರ್ಷದ ಮೊಮ್ಮಗ. ಸೋಲಾರ್ ಪಾರ್ಕಿನಲ್ಲಿ ಪ್ಲೇಟುಗಳ ಕೆಳಗೆ ಬೆಳೆಯುವ ಹುಲ್ಲು ಕೀಳುವ ಕೂಲಿಗೆ ಅವಳು ಹೋಗುತ್ತಾಳೆ. ಬೆಳಿಗ್ಗೆ ಆರಕ್ಕೆ ಹೋದರೆ ಹನ್ನೆರಡಕ್ಕೆ ವಾಪಸ್, ಆಮೇಲೆ ಆ ಗಾಜಿನ ಕಾವಿಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಬಂದು ಮುದ್ದೆ ತೊಳಸಿ, ಗಂಡನಿಗೆ ಬಡಿಸಿ, ತಾನು ಉಂಡು, ಪಾತ್ರೆ ತೊಳೆದು, ಎರಡು ಗಂಟೆಗೆ ಜಗಲಿಯ ಮೇಲೆ ಕೂರುತ್ತಾಳೆ. ನಾಲ್ಕಕ್ಕೆ ಎದ್ದು ಮತ್ತೆ ಕಸ, ನೀರು, ಒಲೆ. ಆ ಎರಡು ಗಂಟೆಯ ಬಗ್ಗೆ ಊರಿಗೆ ಊರೇ ತಲೆ ಕೆಡಿಸಿಕೊಂಡಿತು ಅಂದರೆ ನಂಬುತ್ತೀರಾ?

ನಮ್ಮೂರಿನ ಹೊಲಗಳೆಲ್ಲ ಸೋಲಾರಿಗೆ ಹೋಗಿವೆ. ಕಡಲೆಕಾಯಿ ಬೆಳೆಯುತ್ತಿದ್ದ ಕಡೆ ಈಗ ಬರೀ ಪ್ಲೇಟು. ಗುತ್ತಿಗೆ ಹಣ ಬ್ಯಾಂಕಿಗೆ ಬಂದು ಬೀಳುತ್ತದೆ, ಗಂಡಸರಿಗೆ ಉಳುವುದೂ ಇಲ್ಲ, ಬಿತ್ತುವುದೂ ಇಲ್ಲ. ಹಾಗಾಗಿ ಅರಳಿಕಟ್ಟೆ. ಬೆಳಿಗ್ಗೆ ಹತ್ತಕ್ಕೆ ಟವೆಲ್ ಹಾಸಿ ಇಸ್ಪೀಟು ಶುರು ಮಾಡಿದರೆ ಊಟಕ್ಕೆ ಒಂದು ಸಲ ಎದ್ದು ಹೋಗಿ ಮತ್ತೆ ಬಂದು ಕೂರುತ್ತಾರೆ. ಅಂದರ್ ಬಾಹರ್, ದುಡ್ಡು ಕಟ್ಟಿಯೇ. ಆ ಕಟ್ಟೆಯ ಯಜಮಾನ ಅಡವಯ್ಯ, ಎಪ್ಪತ್ತು ವರ್ಷ, ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಎಲೆ. ನಮ್ಮ ಮರುಳಸಿದ್ದಯ್ಯ ಅವನ ಬಲಗೈ. ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಗಂಡಸರು ತಾನೇ, ಹೊತ್ತು ಹೋಗಬೇಡವೇ ಪಾಪ!

ಸಿದ್ದಗಂಗಮ್ಮನ ತವರಿನ ಕಡೆಯ ಸೋದರಮಾವ ಮಧುಗಿರಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ತೊಂಬತ್ತರ ದಶಕದ ಮಾತು. ಒಂದು ಸಣ್ಣ ಮಳಿಗೆ, ಮೂರು ಟಿವಿ, ಎರಡು ಬೆಂಚು, ಅರ್ಧ ಗಂಟೆಗೆ ಇಷ್ಟು ಅಂತ ಕೊಟ್ಟು ಹುಡುಗರು ಬಂದು ಆಡುತ್ತಿದ್ದರು. ಇವಳು ಎಂಟನೇ ಕ್ಲಾಸು ಓದಲು ಮಾವನ ಮನೆಯಲ್ಲಿದ್ದಳು. ಮಾವ ಊಟಕ್ಕೆ ಹೋದಾಗ ಅಂಗಡಿ ಇವಳದು. ಟಿವಿಗೆ ಜೋಡಿಸಿದ ಪೆಟ್ಟಿಗೆಗೆ ಹಾಕುವ ಆಟದ ಕ್ಯಾಸೆಟ್ ಕೆಲಸ ಮಾಡದಿದ್ದರೆ ಎಲ್ಲರೂ ಬಾಯಿಟ್ಟು ಉಫ್ ಅಂತ ಊದುತ್ತಿದ್ದರಂತೆ. ಮಾವ ಬೈಯುತ್ತಿದ್ದ, ಎಂಜಲಿಗೆ ತಾಮ್ರ ಕಿಲುಬು ಹಿಡಿಯುತ್ತೆ, ಪೆನ್ಸಿಲ್ ರಬ್ಬರಿನಲ್ಲಿ ಉಜ್ಜು ಅಂತ. ಅದನ್ನು ಇವಳು ಕಲಿತಳು. ಆಡುವುದನ್ನೂ ಕಲಿತಳು. ಟ್ಯಾಂಕಿನ ಆಟದಲ್ಲಿ ಹೈಸ್ಕೂಲ್ ಹುಡುಗರನ್ನು ಸಾಲಾಗಿ ಸೋಲಿಸಿ ಕಳಿಸುತ್ತಿದ್ದಳಂತೆ. ಈ ಸುದ್ದಿ ತವರಿಗೆ ಮುಟ್ಟಿದ ತಿಂಗಳಲ್ಲೇ ಸ್ಕೂಲು ಬಿಡಿಸಿ ಕರೆದುಕೊಂಡು ಹೋದರು, ಹದಿನೇಳಕ್ಕೆ ಮದುವೆ ಮಾಡಿದರು. ಮುಂದೆ ಮಾವ ಅಂಗಡಿ ಮುಚ್ಚುವಾಗ ಪೆಟ್ಟಿಗೆಗಳನ್ನೆಲ್ಲ ಮಾರಿ, ಹನ್ನೊಂದು ಕ್ಯಾಸೆಟ್ ಮಾತ್ರ ಬಿಸ್ಕತ್ ಡಬ್ಬದಲ್ಲಿ ಹಾಕಿ ಇವಳಿಗೆ ಕೊಟ್ಟು ಹೋದ. ಆಡಲು ಪೆಟ್ಟಿಗೆಯಿಲ್ಲ, ಬರೀ ಕ್ಯಾಸೆಟ್. ಇಪ್ಪತ್ತಾರು ವರ್ಷ ಅಟ್ಟದ ಮೇಲಿಟ್ಟಿದ್ದಳು. ಗುಜರಿಗೆ ಹಾಕು ಅಂತ ಮರುಳಸಿದ್ದಯ್ಯ ಹೇಳಿದಾಗಲೆಲ್ಲ ನಿನ್ನನ್ನೂ ಒಟ್ಟಿಗೆ ಹಾಕ್ತೀನಿ ಅನ್ನುತ್ತಿದ್ದಳು.

ಹೋದ ವರ್ಷ ಮಗಳ ಮನೆಗೆ ಹೋಗಲು ಶಿರಾದಲ್ಲಿ ಬಸ್ ಬದಲಿಸುವಾಗ ಒಂದು ಮೊಬೈಲ್ ಅಂಗಡಿಯ ಗಾಜಿನೊಳಗೆ ಕೈಯಲ್ಲಿ ಹಿಡಿದು ಆಡುವ ಒಂದು ಡಬ್ಬಿ ಕಂಡಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಮಧ್ಯೆ ಪುಟ್ಟ ಪರದೆ, ಎರಡೂ ಕಡೆ ಗುಂಡಿ. ಹಳೆಯದರ ನಕಲು, ಯಾವ ಕಂಪನಿಯದು ಅಂತ ಹೆಸರೂ ಇಲ್ಲ. ಅಂಗಡಿಯ ಭಾಯಿ ಒಳಗೇ ತುಂಬಿರುವ ಆಟ ತೋರಿಸುತ್ತಿದ್ದರೆ ಇವಳು ಅದನ್ನು ತಿರುಗಿಸಿ ಹಿಂದೆ ನೋಡಿದಳು.

“ಇದೇನ್ ಭಾಯಿ, ಇಲ್ಲಿರೋ ಸಂದಿ?”

“ಗೊತ್ತಿಲ್ಲ ಅಮ್ಮಾ. ಐಸಾ ಹೀ ಬರ್ತದೆ, ಕಂಪನಿಯಿಂದ್ಲೇ.”

ಅವನಿಗೆ ಗೊತ್ತಿಲ್ಲ, ಇವಳಿಗೆ ಗೊತ್ತು. ಅದು ಕ್ಯಾಸೆಟ್ ಹಾಕುವ ಸಂದಿ. ಅವತ್ತು ಕೊಳ್ಳಲಿಲ್ಲ. ಮುಂದಿನ ವಾರ ಊಟದ ಬ್ಯಾಗಿನಲ್ಲಿ ಹನ್ನೊಂದು ಕ್ಯಾಸೆಟ್ಟನ್ನೂ ಇಟ್ಟುಕೊಂಡು ಅದಕ್ಕೆಂದೇ ಶಿರಾಕ್ಕೆ ಹೋದಳು. ನೋಡದೆ ಕೊಂಡು ಮೋಸ ಹೋಗುವ ಜಾತಿಯಲ್ಲ ಅವಳು.

“ಬಚ್ಚಾಗಾ ಅಮ್ಮಾ? ಮೊಮ್ಮಗಂಗಾ?” ಅಂದನಂತೆ ಭಾಯಿ.

“ನಂಗೆ.”

“ಮಜಾಕ್ ಮಾಡ್ಬೇಡಿ ಅಮ್ಮಾ.”

“ನಿಂಗ್ಯಾಕಪ್ಪಾ ಮಜಾಕ್ ಮಾಡ್ಲಿ, ಬಸ್ ಚಾರ್ಜ್ ಹಾಕ್ಕೊಂಡು?” ಅಂದವಳೇ ಮೊದಲ ಕ್ಯಾಸೆಟ್ ತುರುಕಿದಳು. ಪರದೆ ತುಂಬ ಗೀಟು. ತೆಗೆದು ರಬ್ಬರಿನಲ್ಲಿ ಉಜ್ಜಿ, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು. ಟ್ಯಾಂಕು ಬಂತು. ಭಾಯಿ ಎದುರು ಅಂಗಡಿಯವರನ್ನೆಲ್ಲ ಕರೆದು ತೋರಿಸಿದನಂತೆ. ಹನ್ನೊಂದರಲ್ಲಿ ಎಂಟು ಕೆಲಸ ಮಾಡಿದವು. ಕೂಲಿಯಲ್ಲಿ ಉಳಿಸಿದ್ದ ದುಡ್ಡು ಕೊಟ್ಟು ತೆಗೆದುಕೊಂಡು ಬಂದಳು.

ಏನು ದೊಡ್ಡ ಸಾಮಾನಲ್ಲ ಬಿಡಿ. ನಾನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕ್ಯಾಸೆಟ್ ಅರ್ಧ ಹೊರಗೇ ನಿಂತಿರುತ್ತದೆ, ಅಲ್ಲಾಡಿದರೆ ಆಟ ಅಲ್ಲೇ ನಿಂತುಹೋಗುತ್ತದೆ. ಅದಕ್ಕೆ ಅವಳು ಬಸ್ ಟಿಕೆಟ್ಟನ್ನು ಮಡಚಿ ಸಂದಿಗೆ ಸಿಕ್ಕಿಸಿದ್ದಳು. ಶಬ್ದ ನೆಗಡಿಯಾದವರ ಗಂಟಲಿನಂತೆ. ಗುಂಡಿಯನ್ನು ಕಸುವು ಹಾಕಿ ಒತ್ತಬೇಕು. ಬಿಸಿಲಿಗೆ ಪರದೆ ಕಾಣುವುದಿಲ್ಲ, ಹಾಗಾಗಿ ಜಗಲಿಯ ನೆರಳಿನ ಮೂಲೆಯೇ ಬೇಕು. ಆ ಮೂಲೆ ಸರಿಯಾಗಿ ಅರಳಿಕಟ್ಟೆಗೆ ಎದುರು. ಎಂಟೇ ದಿನದಲ್ಲಿ ಅವಳ ಹಳೆಯ ಕೈ ವಾಪಸ್ ಬಂತು. ಆಡುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು, ಗೆದ್ದರೆ “ಹಾಕು ಅವ್ನಿಗೆ!” ಅಂತ ಕೂಗುತ್ತಿದ್ದಳು. ಬೀದಿಗೆಲ್ಲ ಕೇಳುತ್ತಿತ್ತು.

ಹುಣಸೆಹಣ್ಣು ಬಿಡಿಸಲು ಬಂದ ಚಿಕ್ಕಹನುಮಕ್ಕ ಮೊದಲು ಪಕ್ಕ ಕೂತು ನೋಡಿದಳು. “ಅಯ್ಯೋ ದೇವುಡಾ, ಹಿಂದ್ಗಡೆ ಬಂದ ಕಣೇ, ಸುಡು ಸುಡು!” ಅಂತ ಇವಳಿಗಿಂತ ಜೋರಾಗಿ ಕೂಗಿದಳು. ಮರುದಿನ ಇನ್ನಿಬ್ಬರು ಬಂದರು. ಹೀಗೆ ಜಗಲಿ ತುಂಬಿತು, ಗಂಡಸರ ನಾಲ್ಕು ಗಂಟೆಯ ಕಾಫಿ ನಾಲ್ಕೂವರೆಗೆ ಹೋಯಿತು, ಕಟ್ಟೆಯವರ ಕಣ್ಣು ಕೆಂಪಾಯಿತು. ಮರುಳಸಿದ್ದಯ್ಯ ಬಂದು ಹೆಂಡತಿಯ ಮುಂದೆ ನಿಂತ. ನಾನು ನನ್ನ ಬಾಗಿಲಲ್ಲೇ ಇದ್ದೆ.

“ಲೇ, ಊರೆಲ್ಲಾ ನಗ್ತೈತೆ. ಮಕ್ಳು ಆಡೋ ಸಾಮಾನು ಅದು.”

“ನಾನ್ ಹುಡ್ಗಿ ಆಗಿದ್ದಾಗ ಆಡಕ್ ಬುಟ್ರಾ? ಅದ್ಕೇ ಈಗಾಡ್ತಿವ್ನಿ.”

“ಆಡ್ಲೇಬೇಕು ಅಂದ್ರೆ ಒಳಗ್ ಕೂತ್ಕೊಂಡು ಆಡ್ಕೊ. ನಾನೇನಾದ್ರೂ ಬ್ಯಾಡ ಅಂದ್ನಾ?”

“ಒಳಗ್ಯಾಕೆ? ನಾನೇನ್ ಕದ್ದಿದ್ದೀನಾ? ನೀನು ಇಸ್ಪೀಟ್ನ ಒಳ್ಗ್ ಕೂತ್ಕೊಂಡ್ ಆಡು, ಅವತ್ತು ನಾನೂ ಒಳ್ಗ್ ಬತ್ತೀನಿ.”

ಅವನು ಟವೆಲ್ ಕೊಡವಿ ಕಟ್ಟೆಗೆ ಹೋದ. ನನಗೆ ಒಳಗೊಳಗೇ ಖುಷಿಯಾಯಿತು, ಆದರೆ ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ನಾನು ಹಾಗೆ. ನೌಕರಿ ಇದೆಯಲ್ಲ, ಎಲ್ಲರಿಗೂ ಒಳ್ಳೆಯವಳಾಗಿರಬೇಕು.

ಅದೇ ಹೊತ್ತಿಗೆ ಪಕ್ಕದೂರಿನಲ್ಲಿ ಒಬ್ಬ ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡಿ, ಇದ್ದದ್ದೆಲ್ಲ ಕಳೆದು, ಊರು ಬಿಟ್ಟು ಹೋಗಿದ್ದ. ಎಲ್ಲರ ಬಾಯಲ್ಲೂ ಅದೇ ಸುದ್ದಿ. ಅಡವಯ್ಯನಿಗೆ ಅಷ್ಟೇ ಸಾಕಾಯಿತು. ಒಂದು ಸೋಮವಾರ ಆರು ಜನರನ್ನು ಕಟ್ಟಿಕೊಂಡು ಅಂಗನವಾಡಿಗೆ ಬಂದ. ಅದರಲ್ಲಿ ಮರುಳಸಿದ್ದಯ್ಯನೂ ಒಬ್ಬ.

“ಟೀಚರಮ್ಮ, ಒಂದು ಅರ್ಜಿ ಬರ್ಕೊಡು. ಊರಾಗೆ ಮಿಷನ್ ಜೂಜು ಶುರುವಾಗೈತೆ.”

“ಅದು ಜೂಜಲ್ಲ ಯಜಮಾನ್ರೆ, ಸುಮ್ನೆ ಆಟ. ದುಡ್ಡು ಇಲ್ಲ ಅದರಲ್ಲಿ.”

“ಇವತ್ತಿಲ್ಲ, ನಾಳೆ ಬತ್ತದೆ. ಊರಿನ್ ಹೆಂಗಸ್ರು ಹಾಳಾದ್ಮೇಲೆ ಬರೀತೀಯಾ?”

ನಾನು ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕಾಗದ ತೆಗೆದು, ಮಾನ್ಯರೇ ಅಂತ ಬರೆದು, ಹೆಸರು ಬರೆಯುವ ಜಾಗಕ್ಕೆ ಬಂದಾಗ ಅಡವಯ್ಯ ಕೈ ಅಡ್ಡ ಹಿಡಿದ.

“ಹೆಸ್ರು ಬ್ಯಾಡ ಕಣಮ್ಮ. ಹೆಣ್ಣೆಂಗ್ಸಿನ ಹೆಸ್ರು ಸ್ಟೇಷನ್ ಕಾಗ್ದದಾಗೆ ಬರಬಾರ್ದು. ಮರುಳಸಿದ್ದಯ್ಯನ ಮರ್ವಾದೆ ಪ್ರಶ್ನೆ. ಬಂದು ನೋಡಿದ್ರೆ ಅವರಿಗೇ ಗೊತ್ತಾಯ್ತದೆ.”

ಇದು ನಮ್ಮ ಕಡೆ ಹಳೆಯ ಪದ್ಧತಿ. ಹೆಂಗಸಿನ ಮೇಲೆ ದೂರು ಕೊಡಬಹುದು, ಹೆಸರು ಮಾತ್ರ ಎತ್ತಬಾರದು, ಅದು ಗೌರವವಂತೆ! ಮಿಷನ್ ಅಂತಲಾದರೂ ಬರೆಯಲೇ ಅಂದರೆ ಅದೂ ಬೇಡ, ಮಿಷನ್ ಯಾರದು ಅಂತ ಕೇಳುತ್ತಾರೆ ಅಂದರು. ಸರಿ, ಅವರು ಹೇಳಿದ ಹಾಗೇ ಬರೆದೆ. “ನಮ್ಮ ಗ್ರಾಮದ ಅರಳಿಕಟ್ಟೆಯ ಬಳಿ ಪ್ರತಿದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಹಿರಂಗವಾಗಿ ಜೂಜು ನಡೆಯುತ್ತಿದ್ದು, ತಾವು ಖುದ್ದಾಗಿ ಬಂದು ತಡೆಯಬೇಕೆಂದು ಕೋರುತ್ತೇವೆ.” ಏಳು ಜನ ಸಹಿ ಹಾಕಿದರು. ಮರುಳಸಿದ್ದಯ್ಯ ಕೊನೆಯಲ್ಲಿ ಹಾಕಿದ, ನನ್ನ ಮುಖ ನೋಡದೆ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಜೀಪು ಬಂತು. ಅರಳಿಕಟ್ಟೆಯ ಬಳಿ ಜೂಜು ಅಂತ ಬರೆದಿದ್ದರೆ ಪೊಲೀಸರು ಎಲ್ಲಿಗೆ ಹೋಗುತ್ತಾರೆ ಹೇಳಿ? ನೇರ ಕಟ್ಟೆಗೆ ಹೋದರು. ಟವೆಲ್ ಮೇಲೆ ಎಲೆ ಹರಡಿತ್ತು, ದುಡ್ಡು ಹರಡಿತ್ತು, ಸುತ್ತ ಒಂಬತ್ತು ಜನ. ಓಡಲು ಹೋದವರನ್ನು ಹಿಡಿದು ಸಾಲಾಗಿ ಕೂರಿಸಿದರು. ಎಸ್.ಐ. ಸಾಹೇಬರು ಒಬ್ಬೊಬ್ಬರ ಹೆಸರು ಕೇಳುತ್ತಾ ಕೈಯಲ್ಲಿದ್ದ ಅರ್ಜಿ ನೋಡಿದರು.

“ರೀ, ಅರ್ಜಿ ಕೊಟ್ಟಿರೋ ಏಳೂ ಜನ ಇಲ್ಲೇ ಕೂತಿದ್ದೀರಲ್ರೀ! ನಿಮ್ಮನ್ನ ಹಿಡೀಲಿ ಅಂತ ನೀವೇ ಬರೆದ್ರಾ?”

ನನಗೆ ನಗು ತಡೆಯಲಾಗದೆ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ಹೊರಗೆ ಅಡವಯ್ಯ ಬಡಬಡಿಸುತ್ತಿದ್ದ. “ನಮ್ಮುನ್ನಲ್ಲ ಸಾ! ಇದು ಹೊತ್ತು ಕಳ್ಯಾಕೆ ಆಡದು. ಅಗಾ ಅಲ್ ನೋಡಿ, ಆ ಸಿದ್ದಗಂಗಮ್ಮ, ಆ ಮಿಷನ್ನು!” ಮರ್ಯಾದೆ ಹಾರಿಹೋಗಿ ಹೆಸರು ಬೀದಿಗೆ ಬಂತು. ಕಾನ್‌ಸ್ಟೇಬಲ್ ಒಬ್ಬ ಜಗಲಿಗೆ ಬಂದು ಅವಳ ಕೈಯಿಂದ ಅದನ್ನು ಇಸಿದುಕೊಂಡ. ಅದರಲ್ಲಿದ್ದ ಟ್ಯಾಂಕಿನ ಕ್ಯಾಸೆಟ್ಟೂ ಜೊತೆಗೇ ಹೋಯಿತು. “ಪರಿಶೀಲನೆಗೆ ತಗೊಂಡ್ ಹೋಗ್ತೀವಮ್ಮಾ” ಅಂತ ಇಸ್ಪೀಟು ಹಾಕಿದ್ದ ಕವರಿಗೇ ಅದನ್ನೂ ಹಾಕಿದ. ನನ್ನ ನಗು ನಿಂತುಹೋಯಿತು.

ಠಾಣೆಗೆ ಹೋಗಿದ್ದ ಗಂಡಸರು ದಂಡ ಕಟ್ಟಿ ಸಂಜೆಯೇ ವಾಪಸ್ ಬಂದರು. ಮೂರು ದಿನ ಮುಖ ಮರೆಸಿಕೊಂಡಿದ್ದು, ನಾಲ್ಕನೆಯ ದಿನ ಇಸ್ಪೀಟಿನ ಹೊಸ ಕಟ್ಟು ತಂದು ಕಟ್ಟೆಯ ಹಿಂಭಾಗದಲ್ಲಿ ಟವೆಲ್ ಹಾಸಿದರು. ಆಟದ ಡಬ್ಬಿ ಮಾತ್ರ ಬರಲಿಲ್ಲ. ಸಿದ್ದಗಂಗಮ್ಮ ಎರಡು ಗಂಟೆಗೆ ಜಗಲಿಗೆ ಬಂದು, ಅದೇ ಮೂಲೆಯಲ್ಲಿ, ಬರಿಗೈಯಲ್ಲಿ ಕೂರುತ್ತಿದ್ದಳು. “ಹೋಗ್ಲಿ ಬುಡು, ಪೀಡೆ ತೊಲಗ್ತು” ಅಂದ ಮರುಳಸಿದ್ದಯ್ಯ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಹತ್ತು ದಿನ ಹೀಗೇ ಆಯಿತು. ನನಗೆ ಅನ್ನ ಸೇರುತ್ತಿರಲಿಲ್ಲ, ಎದುರು ಮನೆ ನೋಡಲು ಮುಖವಿರಲಿಲ್ಲ.

ಹನ್ನೊಂದನೆಯ ದಿನ ಮಕ್ಕಳನ್ನು ಮನೆಗೆ ಕಳಿಸಿ ಅಂಗನವಾಡಿ ಗುಡಿಸುತ್ತಿದ್ದೆ. ಅವಳು ಒಳಗೆ ಬಂದು ನನ್ನ ಮೇಜಿನ ಮುಂದೆ ಕೂತಳು.

“ಲತಮ್ಮ, ಆ ಅರ್ಜಿ ಬರ್ದಿದ್ದು ನೀನೇ ಅಲ್ವಾ?”

ಸುಳ್ಳು ಹೇಳಿ ಏನು ಮಾಡುವುದು, ಈ ಊರಿನಲ್ಲಿ ಅರ್ಜಿ ಬರೆಯುವವಳು ಇನ್ಯಾರಿದ್ದಾರೆ? ಹೂಂ ಅಂದೆ. ಅಳು ಬಂದುಬಿಟ್ಟಿತು. “ತಪ್ಪಾಯ್ತಕ್ಕಾ. ನಿನ್ನ ಹೆಸ್ರು ಬರೀಲಿಲ್ಲ ಕಣಕ್ಕಾ, ಅಷ್ಟಾದ್ರೂ...”

“ಅದ್ಕೇ ನಂಗೆ ಸಿಟ್ಟು!” ಮೇಜು ಗುದ್ದಿದಳು. “ಯಾಕ್ ಬರೀಲಿಲ್ಲ? ನಂಗೇನ್ ಹೆಸ್ರಿಲ್ವಾ? ದೂರು ಕೊಡಾಕೂ ಬ್ಯಾಡದ ಹೆಸ್ರಾ ನಂದು? ಈ ಊರಿಗ್ ಬಂದು ಇಪ್ಪತ್ತೊಂಬತ್ತು ವರ್ಸ ಆಯ್ತು, ಮರುಳಸಿದ್ದಯ್ಯನ ಹೆಂಡ್ರು, ಮರುಳಸಿದ್ದಯ್ಯನ ಮನೆಯೋಳು. ಬಯ್ಯಾಕಾದ್ರೂ ನನ್ ಹೆಸ್ರು ಹಿಡ್ಕೊಂಡ್ ಬಯ್ರಿ! ಅಳಬ್ಯಾಡ, ಕಾಗ್ದ ತೆಗಿ. ನನ್ ಸಾಮಾನು ನಂಗ್ ಕೊಡಿ ಅಂತ ಬರಿ. ಮೊದ್ಲನೇ ಸಾಲ್ನಾಗೇ ನನ್ ಹೆಸ್ರಿರ್ಲಿ.”

ಬರೆದೆ. ಮರುದಿನ ರಜೆ ಹಾಕಿ ಅವಳ ಜೊತೆ ನಾನೂ ಠಾಣೆಗೆ ಹೋದೆ. ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದು ಇಬ್ಬರೂ ಅದೇ ಮೊದಲು. ನಾನು ಬಾಗಿಲಲ್ಲೇ ಸೆರಗು ಸರಿಮಾಡಿಕೊಳ್ಳುತ್ತಾ ನಿಂತೆ, ಅವಳು ಸಂತೆಗೆ ಹೋದಂತೆ ಹೋದಳು. ಒಳಗೆ ಬರವಣಿಗೆಯ ಕೆಲಸದ ಹೆಡ್ ಕಾನ್‌ಸ್ಟೇಬಲ್, ರೈಟರ್ ಅನ್ನುತ್ತಾರೆ ಅವರನ್ನು, ಅರ್ಜಿ ಓದಿದರು. ಒಳ್ಳೆಯ ಮನುಷ್ಯನೇ.

“ಅಯ್ಯೋ, ಇಷ್ಟೇನಾ! ಇದರಲ್ಲೇನೂ ಇಲ್ಲ, ಆಟದ ಸಾಮಾನು ಅಂತ ಅವತ್ತೇ ಗೊತ್ತಾಯ್ತು. ಟೀಚರೇ, ಒಂದು ಕೆಲಸ ಮಾಡಿ. ಮೊಮ್ಮಗನ ಆಟಿಕೆ ಅಂತ ಒಂದು ಸಾಲು ಸೇರಿಸಿಬಿಡಿ. ಈಗಲೇ ಕೊಟ್ಟು ಕಳಿಸ್ತೀನಿ.”

ನಾನು ಪೆನ್ನು ತೆಗೆದೇಬಿಟ್ಟಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ಮೊಮ್ಮಗಂದಲ್ಲ ಸಾ. ನಂದು.”

“ಗೊತ್ತಮ್ಮಾ. ಕಾಗದಕ್ಕೆ ಅಷ್ಟೇ. ಹಿಂಗಿದ್ರೆ ಸಾಹೇಬ್ರೇ ಬಂದು ನೋಡ್ಬೇಕು. ಅವ್ರು ಬಂದೋಬಸ್ತಿಗೆ ಹೋಗಿದ್ದಾರೆ, ಯಾವಾಗ ಬರ್ತಾರೋ.”

“ಕಾಯ್ತೀನಿ.”

ಹನ್ನೊಂದಕ್ಕೆ ಕೂತವರು ಮೂರಾದರೂ ಬೆಂಚಿನ ಮೇಲೇ ಇದ್ದೆವು. ನಮ್ಮೂರಿನ ಬಸ್ಸು ತಪ್ಪುವ ಹೊತ್ತಾಯಿತು. “ಅಕ್ಕಾ, ಒಂದೇ ಮಾತಲ್ವಾ, ಯಾರಿಗೆ ನಷ್ಟ?” ಅಂದೆ.

“ನೀನು ಅರ್ಜೀಲಿ ಒಂದೇ ಮಾತು ಬರೀದೆ ಬುಟ್ಟಿದ್ದಕ್ಕೇ ತಾನೇ ಇಷ್ಟೆಲ್ಲಾ ಆಗಿದ್ದು?” ಅಂದಳು.

ಮೂರೂಕಾಲಿಗೆ ಸಾಹೇಬರು ಬಂದರು. ಡಬ್ಬಿಯನ್ನು ತರಿಸಿ, ಅರ್ಜಿಯನ್ನೂ ಅವಳನ್ನೂ ನೋಡಿದರು. “ಯಾರಿಗಮ್ಮಾ ಇದು?”

“ನಂಗೆ ಸಾ. ನಾನೇ ಕೊಂಡಿದ್ದು, ನಾನೇ ಆಡದು.”

“ಈ ವಯಸ್ಸಲ್ಲಿ?”

“ಅಡವಯ್ಯಂಗೆ ಎಪ್ಪತ್ತು ಸಾ. ಅವತ್ತು ಕಟ್ಟೆ ಮೇಲೆ ಅವ್ರುನ್ನ ವಯಸ್ಸು ಕೇಳಿದ್ರಾ?”

ರೈಟರ್ ಫೈಲಿನೊಳಗೆ ತಲೆ ಹುದುಗಿಸಿದರು. ಸಾಹೇಬರು ಡಬ್ಬಿಯನ್ನು ಮೇಜಿನ ಮೇಲೆ ಅವರ ಕಡೆ ತಳ್ಳಿದರು. ಆಮೇಲೆ “ಕೊಟ್ಟು ಕಳಿಸ್ರೀ” ಅಂತ ಹೇಳಿ ಒಳಗೆ ಹೋದರು. ರೈಟರ್ ದೊಡ್ಡ ಪುಸ್ತಕ ಬಿಡಿಸಿ ಬರೆದು, ಅವಳ ಕಡೆ ತಿರುಗಿಸಿ, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟರು. ಬಸ್ಸು ಸಿಗಬಹುದು ಅಂತ ನಾನು ಆಗಲೇ ಎದ್ದು ನಿಂತಿದ್ದೆ.

ಅವಳು ಸಹಿ ಹಾಕಲಿಲ್ಲ. ಎಂಟನೇ ಕ್ಲಾಸಿನವರೆಗೆ ಓದಿದವಳು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. “ಮಕ್ಕಳ ಆಟಿಕೆ, ಒಂದು. ಮರುಳಸಿದ್ದಯ್ಯನವರ ಮನೆಯವರ ವಶಕ್ಕೆ.” ಓದಿ ಮುಗಿಸಿ ಪುಸ್ತಕವನ್ನು ವಾಪಸ್ ತಳ್ಳಿದಳು.

“ಇದ್ನ ತಿದ್ದಿ ಸಾ.”

“ತಾಯೀ, ಸಾಮಾನು ಕೈಗೆ ಬಂತಲ್ಲ! ಇನ್ನೇನು?”

“ತಿದ್ದಿ. ನಾನ್ ಹೇಳ್ತೀನಿ, ಬರ್ಕೊಳ್ಳಿ.”

ರೈಟರ್ ನನ್ನ ಮುಖ ನೋಡಿದರು, ಸ್ವಲ್ಪ ಬುದ್ಧಿ ಹೇಳಿ ಅನ್ನುವ ಹಾಗೆ. ನಾನು ಮತ್ತೆ ಬೆಂಚಿನ ಮೇಲೆ ಕೂತೆ. “ತಿದ್ದಿಬಿಡಿ ಸಾರ್” ಅಂದೆ. ಆ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಹೊರಗೆ ನಮ್ಮ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಅವರು ನಿಟ್ಟುಸಿರು ಬಿಟ್ಟು ಎರಡು ಗೀಟು ಎಳೆದರು. ಅವಳು ನಿಧಾನವಾಗಿ, ಒಂದೊಂದೇ ಪದ ನಿಲ್ಲಿಸಿ ನಿಲ್ಲಿಸಿ ಹೇಳಿದಳು, ಅವರು ಬರೆದರು.

“ಸಿದ್ದಗಂಗಮ್ಮ. ವಯಸ್ಸು ನಲವತ್ತಾರು. ಆಟದ ಸಾಮಾನು, ಒಂದು. ಯಾರಿಗೆ ಅಂದ್ರೆ, ಅವಳಿಗೇ. ಯಾತಕ್ಕೆ ಅಂದ್ರೆ, ಆಡಕ್ಕೆ.”

ಇನ್ನೊಂದು ಸಲ ಪೂರ್ತಿ ಓದಿದಳು.

“ಹಾಂ, ಈಗ ಪೆನ್ ಕೊಡಿ” ಅಂದಳು.